ಜ್ವಾಲಾಮುಖಿಗೆ ಹೋದ ಕಂಬಳಿ

ದೋಹಾದಲ್ಲಿ ಚಳಿ ಇದೆ ಎಂದರೆ ಊರಿನವರು ನಗುತ್ತಾರೆ. ನಗಲಿ. ಜನವರಿಯಲ್ಲಿ ಒಮ್ಮೆ ಐನ್ ಖಾಲಿದ್‌ನ ನಮ್ಮ ಮನೆಗೆ ಬಂದು ಬೆಳಗಿನ ಜಾವ ಟೈಲ್ಸಿನ ಮೇಲೆ ಬರಿಗಾಲಿಡಲಿ, ಆಮೇಲೆ ಮಾತಾಡೋಣ. ಮೊನ್ನೆ ರಾತ್ರಿ ನಾನು ತೆಳ್ಳಗಿನ ಬೆಡ್‌ಶೀಟಿನೊಳಗೆ ಮುದುಡಿ ಮಲಗಿದ್ದೆ. ಕಣ್ಣು ಬಿಟ್ಟರೆ ಎದುರಿಗೆ ಕಪಾಟಿನ ಮೇಲಿಂದ, ಪ್ಲಾಸ್ಟಿಕ್ ಚೀಲದೊಳಗಿಂದ, ಒಂದು ಹುಲಿ ನನ್ನನ್ನೇ ನೋಡುತ್ತಿತ್ತು.

ಗಲ್ಫಿನಲ್ಲಿದ್ದವರಿಗೆ ಈ ಹುಲಿಯ ಪರಿಚಯ ಬೇಡ. ಉಳಿದವರಿಗಾಗಿ ಹೇಳುತ್ತೇನೆ. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರದ, ಸವರಿದರೆ ಬೆಕ್ಕಿನ ಮೈಯಂತಿರುವ, ನಡುವೆ ಹುಲಿಯದೋ ನವಿಲಿನದೋ ಚಿತ್ರವಿರುವ ಕಂಬಳಿ. ಇದನ್ನು ಹೊತ್ತುಕೊಂಡು ಬಾರದವನು ಗಲ್ಫಿನಲ್ಲಿದ್ದ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಅದಕ್ಕೊಂದು ಜಿಪ್ ಇರುವ ಚೀಲ. ಆ ಜಿಪ್ಪನ್ನು ಅಂಗಡಿಯವನೂ ಬಿಚ್ಚುವುದಿಲ್ಲ, ತಂದವನೂ ಬಿಚ್ಚುವುದಿಲ್ಲ, ಪಡೆದವರಂತೂ ಬಿಚ್ಚುವುದೇ ಇಲ್ಲ.

"ಅದನ್ನು ಇಳಿಸುವಾ?" ಎಂದು ಕೇಳಿದೆ.

"ಅದು ಊರಿಗೆ. ಅಕ್ಕನ ಮಗನ ಮದುವೆಗೆ. ಮುಟ್ಟಬೇಡಿ," ಎಂದಳು ಹೆಂಡತಿ ಶಾಲಿನಿ. ಹೇಳುವಾಗ ಅವಳ ಹಲ್ಲೂ ಕಟಕಟ ಎನ್ನುತ್ತಿತ್ತು. ನನಗೆ ಹಳೆಯ ರೂಮ್‌ಮೇಟ್ ಹಮೀದಾಕ ನೆನಪಾದರು.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ನನಗಿನ್ನೂ ಮದುವೆಯಾಗಿರಲಿಲ್ಲ. ಬಿನ್ ಮಹಮೂದ್ ಬಡಾವಣೆಯ ಒಂದು ಹಳೆಯ ಫ್ಲ್ಯಾಟಿನಲ್ಲಿ ಉಳ್ಳಾಲದ ಹಮೀದಾಕನ ಜೊತೆ ಇದ್ದೆ. ನಮ್ಮದು ಒಂದೇ ಕಂಪನಿ. ಅವರು ಇಂಡಸ್ಟ್ರಿಯಲ್ ಏರಿಯಾದ ಸ್ಟೋರಿನಲ್ಲಿ, ನಾನು ಆಫೀಸಿನಲ್ಲಿ ಎ.ಸಿ.ಯ ಕೆಳಗೆ. ಅವರ ಬಸ್ಸು ಕತ್ತಲಿರುವಾಗಲೇ ಬರುತ್ತಿತ್ತು. ನಾನು ಮಗ್ಗುಲು ಬದಲಿಸುವ ಹೊತ್ತಿಗೆ ಅವರು ಅಲಾರಾಮಿಗೆ ಬೈಯುತ್ತಾ ಬೂಟು ಹುಡುಕುತ್ತಿದ್ದರು. ಆ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ, ಆದರೆ ನನ್ನ ಬ್ಯಾರಿ ಭಾಷೆಯ ಪಾಂಡಿತ್ಯವೆಲ್ಲ ಅಲ್ಲಿಂದಲೇ ಬಂದದ್ದು.

ಅವರು ವೀಸಾ ಕ್ಯಾನ್ಸಲ್ ಮಾಡಿ ಶಾಶ್ವತವಾಗಿ ಊರಿಗೆ ಹೋಗುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ನಮ್ಮ ಕಂಪನಿಯ ವೆಲ್ಡರ್, ಇಂಡೋನೇಷ್ಯಾದ ಹಾರ್ತೊ, ತನ್ನ ಊರಿನ ಜ್ವಾಲಾಮುಖಿಯ ಕತೆ ಹೇಳಿ ಅವರ ತಲೆ ಕೆಡಿಸಿದ. ರಾತ್ರಿ ಹತ್ತಬೇಕಂತೆ, ಬೆಳಿಗ್ಗೆ ತುದಿಯಲ್ಲಿ ಕೂತು ಸೂರ್ಯ ಹುಟ್ಟುವುದನ್ನು ನೋಡಬೇಕಂತೆ. ಹಮೀದಾಕ ಒಂದು ವಾರ ಬಿಟ್ಟು ಊಟ ಮಾಡುತ್ತಾ ಹೇಳಿದರು.

"ಶೆಟ್ರೆ, ನಾನು ಇಲ್ಲಿ ದಿನಾ ಸೂರ್ಯ ಹುಟ್ಟುವುದು ನೋಡಿದ್ದು ಬಸ್ಸಿನ ಕಿಟಕಿಯಲ್ಲಿ, ತೂಕಡಿಸಿಕೊಂಡು. ಒಮ್ಮೆ, ಒಂದೇ ಒಮ್ಮೆ, ಏನೂ ಕೆಲಸ ಇಲ್ಲದೆ ಕೂತು ನೋಡಬೇಕು. ಊರಿಗೆ ಹೋದ ಮೇಲೆ ಯಾರು ಬಿಡ್ತಾರೆ? ನೀವೂ ಬನ್ನಿ."

ಇಷ್ಟು ವರ್ಷದಲ್ಲಿ ಅವರು ತಮಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಅಭ್ಯಾಸ ಬೇಕಲ್ಲ. ಕತಾರಿನಲ್ಲಿ ಹತ್ತುವುದಕ್ಕೆ ಏನಿದೆ ಹೇಳಿ. ದೋಸೆ ಕಾವಲಿಯಂಥ ನೆಲ. ನಾವು ಫ್ಲೈಓವರ್ ಹತ್ತಿದೆವು, ಪೊಲೀಸಿನವನು ಇಳಿಸಿದ. ಕಡೆಗೆ ನಮ್ಮ ಬಿಲ್ಡಿಂಗಿನ ಮೆಟ್ಟಿಲನ್ನೇ ಹತ್ತಿ ಇಳಿಯತೊಡಗಿದೆವು. ಮೇಲಿನ ಮನೆಯ ಮಲಯಾಳಿ ಹೆಂಗಸು ಎರಡು ದಿನ ನೋಡಿ, ಮೂರನೆಯ ದಿನ ಮರುಕದಿಂದ, "ಲಿಫ್ಟ್ ಸರಿಯಾಗಿದೆ," ಎಂದು ತಿಳಿಸಿ ಹೋದರು.

ಸಾಮಾನು ಕಟ್ಟುವಾಗ ನಾವಿಬ್ಬರೂ ಸೇರಿ ಬುದ್ಧಿ ಖರ್ಚು ಮಾಡಿದೆವು. ಬೆಂಕಿ ಉಗುಳುವ ಬೆಟ್ಟ ಎಂದ ಮೇಲೆ ಸೆಕೆ ಇರದೆ ಇರುತ್ತದೆಯೇ? ಕತಾರಿನ ಬಿಸಿಲಿಗೆ ಬೆಂದವರಿಗೆ ಹೆದರಿಕೆ ಎಂದರೆ ಸೆಕೆಯದ್ದೊಂದೇ. ಹತ್ತಿಯ ಅಂಗಿ, ಬೆವರು ಒರೆಸಲು ಬೈರಾಸು, ಬೆವರುಸಾಲೆಯ ಪೌಡರು. ಹಮೀದಾಕನ ಉಳಿದ ಸಾಮಾನೆಲ್ಲ ಕಾರ್ಗೊದಲ್ಲಿ ಊರಿಗೆ ಹೋಗಿತ್ತು. ಹೆಂಡತಿ ಮೈಮೂನಕ್ಕ ಕೊನೆಯದಾಗಿ ಕೇಳಿದ್ದ ಹುಲಿಯ ಕಂಬಳಿ ಮಾತ್ರ ಕಾರ್ಗೊಗೆ ಹೋಗಲಿಲ್ಲ. "ಹಡಗಿನಲ್ಲಿ ನೀರು ತಾಗಿದರೆ?" ಎಂದು ಅದನ್ನು ಕೈಯಲ್ಲೇ ಹಿಡಿದುಕೊಂಡರು. ಜ್ವಾಲಾಮುಖಿ ನೋಡಿ ಅಲ್ಲಿಂದಲೇ ಊರಿಗೆ ವಿಮಾನ.

ರಜೆ ಹಾಕಿ ನಮ್ಮ ಜೊತೆ ಬಂದ ಹಾರ್ತೊನ ಊರಿನಲ್ಲಿ, ಬಾಡಿಗೆ ಜೀಪು ನಮ್ಮನ್ನು ಬೆಟ್ಟದ ಬುಡದಲ್ಲಿ ಇಳಿಸಿದಾಗ ಕಗ್ಗತ್ತಲು. ಜೊತೆಗೆ ನಾವು ಕಂಡು ಕೇಳರಿಯದ ಚಳಿ. ಹಾರ್ತೊ ಜಾಕೆಟ್ಟಿನ ಮೇಲೆ ಜಾಕೆಟ್ಟು ಹಾಕಿಕೊಂಡು, ನಮ್ಮ ಹತ್ತಿಯ ಅಂಗಿ ನೋಡಿ, "ಜಾಕೆಟ್?" ಎಂದ.

"ಮಾಫಿ, ಇಲ್ಲ," ಎಂದರು ಹಮೀದಾಕ.

"ಬ್ಯಾಗ್ ಜೀಪಿನಲ್ಲಿ ಬಿಡಿ. ಯಲ್ಲಾ, ಹೊರಡಿ."

"ಬ್ಯಾಗ್ ಬಿಡ್ತೇನೆ. ಬ್ಲಾಂಕೆಟ್ ಬಿಡುವುದಿಲ್ಲ. ಗುರ್ತು ಪರಿಚಯ ಇಲ್ಲದ ಜೀಪು."

ಹೀಗೆ ಹುಲಿ ಬೆಟ್ಟ ಹತ್ತಿತು. ಸ್ವಲ್ಪ ದೂರ ಅವರ ತಲೆಯ ಮೇಲೆ, ಸ್ವಲ್ಪ ದೂರ ನನ್ನ ತಲೆಯ ಮೇಲೆ. ಕಾಲ ಕೆಳಗೆ ಬೂದಿ ಜಾರುತ್ತಿತ್ತು, ಗಾಳಿಯಲ್ಲಿ ಬೆಂಕಿಪೊಟ್ಟಣದ ವಾಸನೆ. ಹಿಂದಿನಿಂದ ಬಂದ ಪ್ರವಾಸಿಗಳು ನಮ್ಮನ್ನು ದಾಟುವಾಗ ಟಾರ್ಚು ಹಾಯಿಸಿ ಹುಲಿಯನ್ನು ನೋಡಿ ನಿಂತುಬಿಡುತ್ತಿದ್ದರು. ಬಿನ್ ಮಹಮೂದ್‌ನ ಮೆಟ್ಟಿಲು ಯಾವ ಉಪಕಾರಕ್ಕೂ ಬರಲಿಲ್ಲ.

ಅಂತೂ ತುದಿ ತಲುಪಿದೆವು. ಹಮೀದಾಕ ಅಲ್ಲೇ ಒಂದು ಕಲ್ಲಿನ ಮರೆಯಲ್ಲಿ ಬೆಳಗಿನ ಫಜರ್ ನಮಾಜು ಮುಗಿಸಿದರು. ಸೂರ್ಯನಿಗೆ ಇನ್ನೂ ಹೊತ್ತಿತ್ತು. ನನ್ನ ತುಟಿ ಅಲುಗುವುದು ನಿಂತಿತ್ತು. ಅವರು ನನ್ನ ಮುಖ ನೋಡಿದರು, ಕಂಬಳಿ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಆಮೇಲೆ, "ಮೈಮೂನಾಗೆ ನಾನು ಹೇಳಿಕೊಳ್ತೇನೆ," ಎನ್ನುತ್ತಾ ಜಿಪ್ ಎಳೆದರು. ಆ ಸದ್ದಿಗೆ ಚಳಿಯನ್ನೂ ಮರೆತು, ಬೇಡ ಎಂದೆ. ಕೇಳಲಿಲ್ಲ.

ಮೂವರೂ ಹುಲಿಯೊಳಗೆ ಸೇರಿಕೊಂಡೆವು. ಹಾರ್ತೊಗೂ ಜಾಕೆಟ್ ಸಾಲದಾಗಿತ್ತು. ಆಹಾ, ಎಷ್ಟು ಬೆಚ್ಚಗೆ. ಮೂಡುದಿಕ್ಕು ಸ್ವಲ್ಪ ಬೆಳ್ಳಗಾದದ್ದು ನೆನಪಿದೆ. ಹಮೀದಾಕ, "ಈಗ ಬಂತು, ಈಗ ಬಂತು," ಎಂದದ್ದು ನೆನಪಿದೆ.

ಆಮೇಲೆ ನೆನಪಿರುವುದು ಸೆಕೆ. ಕಣ್ಣು ಬಿಟ್ಟರೆ ಸೂರ್ಯ ಎರಡು ತೆಂಗಿನಮರದಷ್ಟು ಮೇಲೆ ಬಂದಿದ್ದ. ಪ್ರವಾಸಿಗಳೆಲ್ಲ ಸೂರ್ಯನಿಗೆ ಬೆನ್ನು ಹಾಕಿ, ಹುಲಿಯ ಕೆಳಗಿನಿಂದ ಹೊರಗೆ ಚಾಚಿದ್ದ ಆರು ಪಾದಗಳ ಫೋಟೋ ತೆಗೆಯುತ್ತಿದ್ದರು. ಹಾರ್ತೊ ಗೊರಕೆ ಹೊಡೆಯುತ್ತಿದ್ದ.

ನನಗೆ ಹಮೀದಾಕನ ಮುಖ ನೋಡುವ ಧೈರ್ಯವಾಗಲಿಲ್ಲ. ಅಷ್ಟು ದೂರ ಬಂದು, ಅಷ್ಟು ಆಸೆಪಟ್ಟು. ಅವರು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಮೈ ಮುರಿದು ಆಕಳಿಸಿದರು.

"ಗಲ್ಫಿಗೆ ಬಂದ ಮೇಲೆ ಸೂರ್ಯ ನನ್ನನ್ನು ಎಬ್ಬಿಸಿದ್ದು ಇವತ್ತೇ ಶೆಟ್ರೆ. ಇಲ್ಲದಿದ್ರೆ ನಾನೇ ಅವನಿಗಿಂತ ಮೊದಲು ಏಳುವುದು," ಎಂದು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು. ನನ್ನದು ನಗುವಿನದ್ದಲ್ಲ.

ಮರುವರ್ಷ ರಜೆಯಲ್ಲಿ ಉಳ್ಳಾಲಕ್ಕೆ ಹೋಗಿದ್ದೆ. ಮೈಮೂನಕ್ಕನ ಕಪಾಟಿನ ಮೇಲೆ ಗಂಡ ವರ್ಷವರ್ಷ ತಂದ ಹುಲಿಗಳು, ನವಿಲುಗಳು ಚೀಲದೊಳಗೇ ಕೂತಿದ್ದವು. ಮಂಚದ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅದರ ಕೆಳಗೆ ಜ್ವಾಲಾಮುಖಿಯ ಹುಲಿ ಹೊದ್ದು ಹಮೀದಾಕ ಹಾಡಹಗಲೇ ನಿದ್ದೆ ಹೊಡೆಯುತ್ತಿದ್ದರು.

"ಅದು ಹಾಳಾಯಿತಲ್ಲ ಮಾರಾಯ್ರೆ, ಬೆಂಕಿಪೊಟ್ಟಣದ ವಾಸನೆ. ಯಾರಿಗೂ ಕೊಡ್ಲಿಕ್ಕೆ ಆಗುವುದಿಲ್ಲ. ಅದಕ್ಕೇ ನಾವು ಹೊದೆಯುವುದು," ಎಂದರು ಮೈಮೂನಕ್ಕ. ಅದರ ಅಂಚು ಸವರುತ್ತಾ, "ಇಷ್ಟು ಮೆತ್ತಗೆ ಇರ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದರು.

ಮೊನ್ನೆ ರಾತ್ರಿ ಈ ಮಾತು ನೆನಪಾದದ್ದೇ ಎದ್ದು, ಕುರ್ಚಿ ಹತ್ತಿ ಹುಲಿಯನ್ನು ಇಳಿಸಿದೆ. ಜಿಪ್ಪಿನ ಸದ್ದಿಗೆ ಶಾಲಿನಿ ದಿಗ್ಗನೆ ಎದ್ದು ಕೂತಳು. "ಮದುವೆಗೆ ಎಂತ ಕೊಡುವುದು?" ಎಂದಳು. ಬೇರೆ ತೆಗೆಯುವ ಎಂದೆ. ಬೈದಳು. ಬೈಯುತ್ತಲೇ ತುದಿಯನ್ನು ಎತ್ತಿ ಒಳಗೆ ಬಂದಳು, ಐದು ನಿಮಿಷದಲ್ಲಿ ಹುಲಿಯ ಮುಕ್ಕಾಲು ಪಾಲು ಅವಳ ಕಡೆ ಹೋಗಿತ್ತು.

ಬೆಳಿಗ್ಗೆ ಕಿಟಕಿಯ ಬಿಸಿಲು ಮುಖಕ್ಕೆ ಹೊಡೆದಾಗ ಮಕ್ಕಳ ಸ್ಕೂಲ್ ಬಸ್ಸು ಹೋಗಿಯಾಗಿತ್ತು. ಮಕ್ಕಳಿಗೆ ಹಬ್ಬ. ಆಫೀಸಿಗೆ ಹೊರಡುವ ಮೊದಲು ಉಳ್ಳಾಲಕ್ಕೆ ಫೋನ್ ಮಾಡಿ, ಇವತ್ತು ನನ್ನನ್ನು ಸೂರ್ಯ ಎಬ್ಬಿಸಿದ ಹಮೀದಾಕ ಎಂದೆ.

"ಜಿಪ್ ಬಿಚ್ಚಿದ್ರಾ?" ಎಂದು ಕೇಳಿದರು.