ಭಾವ ಉತ್ತರ ಹೇಳದ ಭಾನುವಾರ

ನಮ್ಮ ಭಾವನನ್ನು ಸೋಲಿಸಿದ ಗಂಡಸು ಈ ಭೂಮಂಡಲದಲ್ಲಿ ಒಬ್ಬನೇ, ಅದು ನಾನು. ಈ ಮಾತನ್ನು ಆರು ತಿಂಗಳು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಕೇಳುವವರು ಸಿಗದ ದಿನ ದೀಪದ ಕಂಬಕ್ಕೂ ಹೇಳಿದ್ದುಂಟು.

ಭಾವ ಅಂದರೆ ಅಕ್ಕನ ಗಂಡ, ಕೈಗಡಿಯಾರ ರಿಪೇರಿಯವರು. ಬಸ್ ನಿಲ್ದಾಣದ ಎದುರಿನ ಅವರ ಅಂಗಡಿ ಎಷ್ಟು ಚಿಕ್ಕದೆಂದರೆ, ಅವರು ಒಳಗೆ ಕೂತು ಸೀನಬೇಕಾದರೆ ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿಯಬೇಕು. ನಲವತ್ತು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಕೂತು ಆ ಕಣ್ಣಿನ ಸುತ್ತ ಬಳೆಯ ಹಾಗೆ ದುಂಡಗೆ ಗೆರೆ ಬಿದ್ದಿತ್ತು. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಎತ್ತಿ, "ನೋಡೋ, ಇವನೇ ಕಳ್ಳ" ಅಂತ ತೋರಿಸುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಚಿಮಟ ಮಾತ್ರ. ಆದರೂ ಹೂಂ ಅನ್ನುತ್ತಿದ್ದೆ.

ನಾನು ಒಂದು ವಾರಪತ್ರಿಕೆಯ ಫೋಟೋಗ್ರಾಫರ್. ಕೊನೆಯ ಪುಟದಲ್ಲಿ 'ಇದೇನು ಹೇಳಿ?' ಅಂತ ನನ್ನದೊಂದು ಚಿತ್ರ ಬರುತ್ತಿತ್ತು. ಮನೆಬಳಕೆಯ ಯಾವುದಾದರೂ ಸಾಮಾನನ್ನು ಮೂಗು ತಾಗುವಷ್ಟು ಹತ್ತಿರದಿಂದ ತೆಗೆದದ್ದು. ಬಾಚಣಿಗೆಯ ಹಲ್ಲನ್ನು ತೆಗೆದರೆ ಓದುಗರು ಅರಮನೆಯ ಕಂಬಸಾಲು ಅನ್ನಬೇಕು, ಹಾಗೆ. ಪಾತ್ರೆ ತಿಕ್ಕುವ ನಾರಿನ ಚಿತ್ರ ನೋಡಿ ಒಬ್ಬ ಪ್ರೊಫೆಸರು ಅದು ಮಿದುಳೆಂದು ಎಂಟು ಪುಟ ಬರೆದು ಕಳಿಸಿದ್ದರು. ಯಾರ ಮಿದುಳು ಅಂತ ಮಾತ್ರ ಬರೆದಿರಲಿಲ್ಲ.

ಭಾವನ ಹತ್ತಿರ ಈ ಆಟ ನಡೆಯುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಇಡೀ ಬೀದಿ ಪತ್ರಿಕೆ ಹಿಡಿದುಕೊಂಡು ಅಂಗಡಿ ಮುಂದೆ ನಿಲ್ಲುತ್ತಿತ್ತು. ಭಾವ ಪುಟದ ಮೇಲೆ ಒಂದು ಸಲ ಕಣ್ಣು ಹಾಯಿಸಿ, "ಟೀ ಸೋಸೋದು. ಅಂಚಿನಲ್ಲಿ ಒಂದು ತಂತಿ ಬಿಟ್ಟಿದೆ, ನಮ್ಮನೇದೇ" ಅಂದು ನನ್ನ ಕಡೆ ತಿರುಗುತ್ತಿದ್ದರು. "ನಿಮ್ಮಕ್ಕ ಮೂರು ದಿನದಿಂದ ಹುಡುಕ್ತಾ ಇದಾಳೆ. ವಾಪಸ್ ತಂದುಕೊಡು."

ಸರಿಯುತ್ತರ ಕಳಿಸಿದವರಿಗೆ ಪತ್ರಿಕೆ ಕೊಡುತ್ತಿದ್ದ ಬಹುಮಾನದ ಟಾರ್ಚುಗಳೆಲ್ಲ ಆ ಒಂದೇ ಬೀದಿಗೆ ಹೋಗಿ, ಕರೆಂಟು ಹೋದರೂ ಅಲ್ಲಿನವರಿಗೆ ಗೊತ್ತಾಗದ ಸ್ಥಿತಿ ಬಂತು. ಸಂಪಾದಕರು ನನ್ನನ್ನು ಕರೆದು, "ನಿನ್ನ ಭಾವನಿಗೆ ತಿಳಿಯದ ಒಂದಾದರೂ ಚಿತ್ರ ತೆಗಿ. ಇಲ್ಲದಿದ್ದರೆ ಆ ಜಾಗಕ್ಕೆ ತಲೆಹೊಟ್ಟಿನ ಮದ್ದಿನ ಜಾಹೀರಾತು ಹಾಕ್ತೀನಿ" ಅಂದರು.

ಲೋಕವನ್ನೆಲ್ಲ ಹತ್ತಿರದಿಂದ ನೋಡುವವನು ಹತ್ತಿರದಿಂದ ನೋಡದೆ ಇರುವುದು ಏನನ್ನು? ತನ್ನ ಕಣ್ಣನ್ನು. ಅಂಗಡಿಯದೊಂದು ಚಿತ್ರ ಬೇಕು ಅಂತ ಸುಳ್ಳು ಹೇಳಿ, ಭಾವನ ಬಲಗಣ್ಣು ಮತ್ತು ಅದರ ಸುತ್ತಲಿನ ಗೆರೆಯನ್ನಷ್ಟೇ ತೆಗೆದುಕೊಂಡು ಬಂದೆ.

ಕತ್ತಲೆ ಕೋಣೆಯಲ್ಲಿ ದೊಡ್ಡದು ಮಾಡಿದರೆ ಒಣಗಿದ ಬಾವಿಯ ಕಟ್ಟೆಯ ಹಾಗೆ ಸೊಗಸಾಗಿ ಬಂದಿತ್ತು. ಆದರೆ ಬಾವಿಯ ನಡುವೆ ಅಕ್ಕಿಕಾಳಿನಷ್ಟು ಒಂದು ಬಿಳಿ ಚುಕ್ಕೆ. ನೆಗೆಟಿವ್ ಮೇಲೆ ಧೂಳು ಕೂತರೆ ಪ್ರಿಂಟಿನಲ್ಲಿ ಹೀಗೆ ಬಿಳಿ ಚುಕ್ಕೆ ಬರುತ್ತದೆ. ಸಣ್ಣ ಬ್ರಷ್ಷಿನಲ್ಲಿ ಕಪ್ಪು ಹಚ್ಚಿ ಮುಚ್ಚುವುದು ನಮ್ಮ ಕಸುಬಿನ ರೂಢಿ. ನೆಗೆಟಿವ್ ಒರೆಸಿ ಇನ್ನೊಂದು ಪ್ರಿಂಟ್ ಹಾಕಿದೆ. ಚುಕ್ಕೆ ಅಲ್ಲೇ ಇತ್ತು. ಮತ್ತೆ ಒರೆಸಿದೆ. ಅಲ್ಲೇ ಇತ್ತು. ಧೂಳು ಅಷ್ಟು ಹಟ ಹಿಡಿಯುವುದಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಬರೆಯಲು ಹೊರಟರೆ ಪೆನ್ನು ಮುಂದೆ ಹೋಗುತ್ತಿಲ್ಲ. ಪ್ರೆಸ್ಸಿನವರು ಬಾಗಿಲು ಬಡಿಯುತ್ತಿದ್ದರು. ದೀಪದ ಬೆಳಕು ಬಿದ್ದಿರಬೇಕು ಅಂದುಕೊಂಡು ಕಪ್ಪು ಹಚ್ಚಿದೆ. ಬಾವಿ ಇನ್ನೂ ಆಳವಾಗಿ ಕಂಡಿತು. ನನ್ನ ಕೈಚಳಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆ ಭಾನುವಾರ ಭಾವ ಪುಟ ನೋಡಿದರು. ಭೂತಗನ್ನಡಿ ತೆಗೆದು ಎಡಗಣ್ಣಿಗೆ ಇಟ್ಟುಕೊಂಡರು. ಎಡಗಣ್ಣಿಗೆ ಯಾಕೆ ಅಂತ ನಾನು ಕೇಳಲಿಲ್ಲ. ಬಹಳ ಹೊತ್ತು ನೋಡಿದರು. ಎರಡು ಬಸ್ಸು ಬಂದು ಹೋದವು.

"ಹೇಳಿ ಭಾವ, ಜನ ಕಾಯ್ತಾ ಇದಾರೆ" ಅಂದೆ.

"ಇರಲಿ ಬಿಡೋ. ಚೆನ್ನಾಗಿದೆ" ಅಂದು, ತಲೆ ಮೇಲಿನ ಮೂಟೆ ಇಳಿಸಿದವರ ಹಾಗೆ ಉಸಿರು ಬಿಟ್ಟು, ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಭಾವ ಸೋತರು ಅಂತ ನಾನು ಸಾರಿದ್ದು ಊರಾಚೆಗೂ ಕೇಳಿರಬೇಕು. ಅವತ್ತು ಅಕ್ಕನ ಮನೆಯಲ್ಲಿ ಮೂರು ಜನರ ಊಟ ಒಬ್ಬನೇ ಮಾಡಿದೆ.

ಆರು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದಳು. "ಒಬ್ಬರ ಗಡಿಯಾರಕ್ಕೆ ಇನ್ನೊಬ್ಬರ ಮುಳ್ಳು ಹಾಕಿ ಕಳಿಸಿದಾರೆ ಕಣೋ. ಕೇಳಿದ್ರೆ ವಯಸ್ಸಾಯ್ತು ಅಂತಾರೆ. ನೀನು ಬಾ." ಇಬ್ಬರೂ ಸೇರಿ ಅವರನ್ನು ಎಳೆದುಕೊಂಡೇ ಕಣ್ಣಿನ ಡಾಕ್ಟರ ಹತ್ತಿರ ಹೋದೆವು.

"ಪೊರೆ ಬಲಿತುಬಿಟ್ಟಿದೆ. ಒಳಗೆ ಒತ್ತಡ ಏರಿ ನರಕ್ಕೂ ಪೆಟ್ಟಾಗಿದೆ" ಅಂದರು ಡಾಕ್ಟರು. "ಆರು ತಿಂಗಳ ಮುಂಚೆ ಬರೋದಕ್ಕೆ ಏನಾಗಿತ್ತು ನಿಮಗೆ?"

"ಬರೋಣ ಅಂತಲೇ ಇದ್ದೆ ಡಾಕ್ಟ್ರೇ," ಅಂದರು ಭಾವ. "ಮಂಜು ಮಂಜಾಗಿತ್ತು. ಕನ್ನಡಿಯಲ್ಲಿ ಏನೋ ಬೆಳ್ಳಗೆ ಕಂಡ ಹಾಗೂ ಆಗಿತ್ತು. ಅಷ್ಟರಲ್ಲಿ ಇವನು ನನ್ನ ಕಣ್ಣನ್ನೇ ಪತ್ರಿಕೆಗೆ ಹಾಕಿದ. ನೋಡಿದ ತಕ್ಷಣ ಗುರುತು ಸಿಕ್ತು. ಭೂತಗನ್ನಡಿ ಇಟ್ಟು ಹುಡುಕಿದೆ. ಒಂದು ಚುಕ್ಕೆಯೂ ಇರಲಿಲ್ಲ. ಇವನು ಎಷ್ಟು ಸುಳ್ಳು ಹೇಳಿದ್ರೂ ಇವನ ಕ್ಯಾಮರಾ ಹೇಳಲ್ಲ ಅಂತ ಸುಮ್ಮನಾದೆ."

ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆಗೆ ತೂಗುಹಾಕಿದ್ದ ಅಕ್ಷರದ ಪಟ್ಟಿ ಓದತೊಡಗಿದೆ.

ಆಪರೇಷನ್ ಆಯಿತು. ಆ ಕಣ್ಣಿಗೆ ಬಸ್ಸು ಕಾಣುತ್ತದೆ, ಬಾಗಿಲು ಕಾಣುತ್ತದೆ. ತಿರುಪು ಕಾಣುವುದಿಲ್ಲ. ಎಡಗಣ್ಣನ್ನು ನಂಬಿ ಚಿಮಟ ಹಿಡಿದರೆ ಕೈ ಒಪ್ಪುವುದಿಲ್ಲ. ಭಾವ ಇನ್ನು ಗೋಡೆ ಗಡಿಯಾರಗಳಷ್ಟೇ ಸಾಕು ಅಂದುಕೊಂಡರು. ಒಂದು ಬೆಳಿಗ್ಗೆ ನನ್ನನ್ನು ಕರೆಸಿದರು.

"ಬೋರ್ಡಿನಲ್ಲಿ 'ಕೈಗಡಿಯಾರ' ಅಂತಿದೆ. ಆ 'ಕೈ' ಅನ್ನೋದನ್ನ ಕಪ್ಪು ಬಳಿದು ಮುಚ್ಚು. ನಿನಗೆ ಬ್ರಷ್ ಹಿಡಿದು ಅಭ್ಯಾಸ ಇದೆಯಲ್ಲ."

ಅವರಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಹೇಳಿದ್ದು. ಏಣಿ ಹತ್ತಿದೆ. ಬ್ರಷ್ ಅದ್ದಿ ಎತ್ತಿದೆ. ಕೈ ಮುಂದೆ ಹೋಗಲಿಲ್ಲ. ಕೆಳಗಿಳಿದು, ಡಾಕ್ಟರ ಮಾತು ಕೇಳಿದ ದಿನದಿಂದ ಮೂರು ತಿಂಗಳು ಜೇಬಿನಲ್ಲೇ ಹೊತ್ತುಕೊಂಡು ತಿರುಗುತ್ತಿದ್ದ, ಬ್ರಷ್ ಮುಟ್ಟಿಸದ ಪ್ರಿಂಟನ್ನು ಅವರ ಮೇಜಿನ ಮೇಲಿಟ್ಟೆ.

"ಭಾವ, ಚುಕ್ಕೆ ಇತ್ತು. ನಾನೇ ಮುಚ್ಚಿದೆ."

ಅವರು ಎಡಗಣ್ಣಿಗೆ ಭೂತಗನ್ನಡಿ ಇಟ್ಟು ನೋಡಿದರು. ಗೋಡೆಯ ಮೇಲಿನ ಹನ್ನೆರಡು ಗಡಿಯಾರಗಳು ಹನ್ನೆರಡು ಥರ ಸದ್ದು ಮಾಡುತ್ತಿದ್ದವು. ಬೈದಿದ್ದರೆ ಹಗುರಾಗುತ್ತಿದ್ದೆ.

"ಧೂಳು ಅಂದುಕೊಂಡ್ಯಾ?"

"ಮೊದಲು. ಎರಡು ಸಲ ಒರೆಸಿದೆ. ಹೋಗಲಿಲ್ಲ."

ಭಾವ ಭೂತಗನ್ನಡಿ ಕೆಳಗಿಟ್ಟು ಕಣ್ಣು ಉಜ್ಜಿಕೊಂಡರು. "ಟೀ ಸೋಸೋದು, ಪೊರಕೆ ಕಡ್ಡಿ, ಹಳೇ ಬಾಚಣಿಗೆ, ಒಂದೂ ಬಿಡದೆ ತಂದು 'ಇದೇನು ಹೇಳಿ, ಇದೇನು ಹೇಳಿ' ಅಂತ ಇಷ್ಟು ವರ್ಷ ಪ್ರಾಣ ತಿಂದೆ. ಕೇಳಲೇಬೇಕಾಗಿದ್ದ ಒಂದೇ ಒಂದು ದಿನ ಈ ಚುಕ್ಕೆ ಏನು ಅಂತ ಕೇಳದೆ ಹೋದೆಯಲ್ಲೋ."

ಆಮೇಲೆ ಪ್ರಿಂಟನ್ನು ನನ್ನ ಕಡೆ ತಳ್ಳಿ, ಬಣ್ಣದ ಡಬ್ಬಿ ಎತ್ತಿಕೊಟ್ಟರು.

"ಏಣಿ ಹತ್ತು. ಈ ಸಲವಾದರೂ ಹಚ್ಚಬೇಕಾದ ಕಡೆ ಹಚ್ಚು."