ತೆಂಗಿಲ್ಲದ ಕಡೆಯ ನಕ್ಷೆ

ಬಿಳಿಗೆರೆ ದಾಟಿ ತೋಟದೊಳಗಿರುವ ನಮ್ಮ ಮನೆಯನ್ನು ಫೋನಿನ ಮ್ಯಾಪ್ ಯಾರದೋ ಬಾವಿಯ ಮೇಲೆ ಕೂರಿಸಿತ್ತು. ಅತ್ತಿಗೆಗೆ ದಿನ ತುಂಬುತ್ತಿತ್ತು. ಲಾರಿ ಓಡಿಸುವ ಅಣ್ಣ ಊರಲ್ಲಿರುವುದೇ ಕಮ್ಮಿ. "ಆಂಬುಲೆನ್ಸಿನೋನು ಯಾರನ್ನೂ ಕೇಳದೆ ಬರಂಗೆ ಒಂದು ನಕ್ಷೆ ಬರ್ಕೊಡೇ," ಅಂದಳು ಅತ್ತಿಗೆ.

ಬರೆದೆ. ಉತ್ತರ ಮೇಲಕ್ಕೆ, ಒಂದೊಂದು ತೋಟಕ್ಕೂ ಪುಟ್ಟ ಪುಟ್ಟ ತೆಂಗಿನ ಮರ.

"ಇದ್ಯಾಕೆ ಇಷ್ಟೊಂದು ಮರ?"

"ಇರೋದನ್ನ ತೋರಿಸೋದೇ ನಕ್ಷೆ ಕಣತ್ತಿಗೆ."

"ಗಂಡಿನ ಗುರುತು ಹೇಳೇ ಅಂದ್ರೆ ಎರಡು ಕಣ್ಣಿವೆ ಅಂದಂಗಾಯ್ತು. ತೆಂಗು ಇಲ್ದಿರೋ ಕಡೆ ಹುಡುಕೋಗು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಹೋಲಿಕೆ ಕೊಟ್ಟರೆ ವಾದವಾಗುವುದಿಲ್ಲ ಎಂದೆ. ಉತ್ತರ ದಿಕ್ಕಾದರೂ ಮೇಲಿರಲಿ ಎಂದು ಹಟ ಹಿಡಿದೆ.

"ಅವನು ಬರೋದು ತಿಪಟೂರಿಂದ. ಅವನ ಎಡಗೈ ಕಡೆ ಇರೋದು ಕಾಗದದಲ್ಲೂ ಎಡಕ್ಕಿರ್ಲಿ. ಉತ್ತರಕ್ಕೇನು ಹೆರಿಗೆನಾ?"

ಕಾಗದ ತಿರುಗಿಸಿ ತಿಪಟೂರನ್ನು ಕೆಳಗಿಟ್ಟೆ. ಸ್ಕೂಟರ್ ತೆಗೆದುಕೊಂಡು ಹೋಗಿ ತೆಂಗಿಲ್ಲದ ಕಡೆಗಳನ್ನು ಹುಡುಕಿದೆ. ಒಂದು ಬೋಳು ಬಂಡೆ, ರಾಗಿ ಹೊಲ, ನಮ್ಮ ತಿರುವಿನಲ್ಲಿ ಒಂಟಿ ಹುಣಸೆ. ಮಿಕ್ಕಿದ್ದೆಲ್ಲ ಅಳಿಸಿದೆ. ತೋಟಗಳು ಬರೀ ಬಿಳಿ ಕಾಗದವಾದವು.

ಆದರೂ ನಂಬಿಕೆ ಸಾಲದು. ದಾರಿ ಬಲ್ಲವರು ಎಂಥ ನಕ್ಷೆಯನ್ನಾದರೂ ಹೊಗಳುತ್ತಾರೆ. ನಮ್ಮ ಕಡೆ ಕಾಲಿಡದವರೊಬ್ಬರು ಬೇಕಿತ್ತು. ತಿಪಟೂರಿನಲ್ಲಿ ನನ್ನ ಸ್ಕೂಟರ್ ರಿಪೇರಿ ಮಾಡುವ ಮೆಕ್ಯಾನಿಕ್ಕಿಗೆ ಕಾಗದ ಕೊಟ್ಟು, ಇದನ್ನು ನೋಡಿಕೊಂಡೇ ಮನೆಗೆ ಬರಬೇಕೆಂದೆ. ಭಾನುವಾರ ಬೆವರೊರೆಸಿಕೊಳ್ಳುತ್ತಾ ಬಂದರು.

"'ಇಲ್ಲೇ ಮುಂದೆ ಹುಣಸೆ' ಅಂತ ಬರ್ದಿದ್ದೀರಿ ಮೇಡಂ. ಈ ಕಡೆಯೋರು ಇಲ್ಲೇ ಅಂದ್ರೆ ಬಲು ದೂರ ಅಂತ ಗೊತ್ತಲ್ಲ, ಆ ಕಡೆ ಈ ಕಡೆ ನೋಡ್ದೆ ಸೇತುವೆವರ್ಗೂ ಹೋಗ್ಬಿಟ್ಟೆ."

ಅತ್ತಿಗೆ ಮಜ್ಜಿಗೆ ಕೊಡುತ್ತಾ ನಕ್ಕಳು. ನಾನು 'ಇಲ್ಲೇ' ಹೊಡೆದುಹಾಕಿ, ಹುಣಸೆಯಾಚೆ ಸೇತುವೆ ಬರೆದು, 'ಇದು ಕಂಡರೆ ದಾಟಿ ಬಂದಿದ್ದೀರಿ, ತಿರುಗಿಸಿ' ಎಂದು ಸೇರಿಸಿದೆ.

ನೋವು ಬಂದದ್ದು ಒಂದು ಮಧ್ಯಾಹ್ನ. ನಕ್ಷೆಯ ಫೋಟೊ ಆಂಬುಲೆನ್ಸ್ ಡ್ರೈವರಿಗೆ ಕಳಿಸಿ ಅಂಗಳದಲ್ಲಿ ಕಾದೆವು. ಸೈರನ್ ಹತ್ತಿರ ಬಂತು, ಹಾಗೇ ದೂರ ಹೋಯಿತು. ಅತ್ತಿಗೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಸೇತುವೆಯ ಹತ್ತಿರದಿಂದ ಆ ಸದ್ದು ನಮ್ಮ ಕಡೆಗೇ ತಿರುಗಿತು.

"ಇನ್ನೊಂಚೂರು ತಡ ಆಗಿದ್ರೆ" ಎಂದು ಶುರು ಮಾಡಿದ ಡಾಕ್ಟರು ಮಾತು ಮುಗಿಸಲಿಲ್ಲ. ತಾಯಿ ಮಗು ಚೆನ್ನಾಗಿದ್ದರು. ದೇವರಿಗೊಂದು ಕೈ ಮುಗಿ ಅಂತ ಅಣ್ಣ ಫೋನಿನಲ್ಲಿ ಹೇಳಿದ. ದೇವರ ವಿಷಯದಲ್ಲಿ ಅಣ್ಣನ ಜೊತೆ ನನ್ನ ಹಳೇ ತಕರಾರು ಹಾಗೇ ಇದೆ. ಸ್ವೀಟ್ ಬಾಕ್ಸ್ ಹಿಡಿದು ಮೆಕ್ಯಾನಿಕ್ಕಿನ ಅಂಗಡಿಗೆ ಹೋದೆ.

"ಏನ್ ಮೇಡಂ ವಿಶೇಷ?"

"ನೀವು ದಾರಿ ತಪ್ಪಿದ್ರಲ್ಲ, ಅದಕ್ಕೆ."