ಉಮ್ಮನ ರೇಡಿಯೊ ಬಿಚ್ಚಿಟ್ಟು ಹೋದ ಹಮೀದ್

ಇಲ್ಲ... ಇದು ಸುಳ್ಳಿರಬೇಕು...

ನಿನ್ನೆ ಸಂಜೆ ಬಸ್‌ ಸ್ಟಾಪಿನಲ್ಲಿ ಕೈಬೀಸಿದವನು ಇವತ್ತು ಇಲ್ಲವಂತೆ.
ಮಧ್ಯಾಹ್ನ ನಾನೇ ಮಣ್ಣು ಹಾಕಿ ಬಂದಿದ್ದರೂ "ಇಲ್ಲವಂತೆ" ಎಂದೇ ಬರೆಯುತ್ತಿದ್ದೇನೆ...

ಹಮೀದ್. ಮೊಗ್ರಾಲಿನವನು. ನಮ್ಮ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಮೇಷ್ಟ್ರು.
ಬೆಳಗ್ಗೆ ಹಾರ್ಟ್ ಅಟ್ಯಾಕ್. ಆಸ್ಪತ್ರೆ ತಲುಪುವ ಮೊದಲೇ...

ನಾನು ಅಲ್ಲಿಯ ಆಫೀಸಿನ ಕ್ಲರ್ಕ್. ರೇಡಿಯೊ ನನ್ನ ತಲೆಗೆ ಹತ್ತುವ ವಿಷಯವಲ್ಲ. ಆದರೂ ಊಟದ ಹೊತ್ತಿಗೆ ಅವನು ಬಿಡುತ್ತಿರಲಿಲ್ಲ. ನಿನ್ನೆಯೂ ಅಷ್ಟೇ.

"ಯಾವ ಸ್ಟೇಷನ್ ಬಂದ್ರೂ ರೇಡಿಯೊ ಒಳಗೆ ಅದನ್ನು ಒಂದೇ ಫ್ರೀಕ್ವೆನ್ಸಿಗೆ ತರ್ತದೆ ಮಾರಾಯ. ನಾನೂರ ಐವತ್ತೈದು ಕಿಲೋಹರ್ಟ್ಸ್."
"ಎಂತಕ್ಕೆ? ಬಂದ ಹಾಗೇ ಕೇಳಿಸಿದ್ರೆ ಸಾಲದಾ?"
"ನಿಮ್ಮಲ್ಲಿ ತುಳು, ನಮ್ಮಲ್ಲಿ ಬ್ಯಾರಿ. ಸ್ಟಾಫ್ ರೂಮಿಗೆ ಬಂದ್ರೆ ಎಲ್ಲರದ್ದೂ ಕನ್ನಡ. ಒಂದೇ ಭಾಷೆಯಾದ್ರೆ ಗಲಾಟೆ ಜೋರು ಮಾಡ್ಲಿಕ್ಕೆ ಸುಲಭ ಅಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅರ್ಥ ಮಾತ್ರ ಆಗಿರಲಿಲ್ಲ.

ಹಮೀದ್... ಈಗಲೂ ಆಗಿಲ್ಲ.
ಬರುವ ಅಲೆಗೆ ರೇಡಿಯೊ ಒಳಗಿನ ಆಸಿಲೇಟರ್ ಹುಟ್ಟಿಸುವ ಅಲೆ ಬೆರೆಸಿ, ಎರಡರ ವ್ಯತ್ಯಾಸವನ್ನಷ್ಟೇ ಇಟ್ಟುಕೊಳ್ಳುವುದಂತೆ...
ಹಾಗಾದರೆ ದನಿ ಕೆಡುವುದಿಲ್ಲವೇ ಎಂದು ಆಗ ಕೇಳಿದ್ದೆ.
"ದನಿ ಅದೇ. ಹೊತ್ತು ತರುವ ಅಲೆ ಮಾತ್ರ ಬೇರೆ. ನಾಳೆ ಉಮ್ಮನ ರೇಡಿಯೊ ಟ್ಯೂನ್ ಮಾಡುವಾಗ ತೋರಿಸ್ತೇನೆ, ಮನೆಗೆ ಬಾ."

ಬಂದೆ, ಹಮೀದ್...
ನಿನ್ನ ಮೇಜಿನ ಮೇಲೆ ರೇಡಿಯೊ ಬಿಚ್ಚಿಯೇ ಇತ್ತು.

ಗಲ್ಫಿನಿಂದ ಬಂದಿದ್ದ ನಿನ್ನ ಭಾವ, ಒಳಗಿನ ಬಣ್ಣದ ಸ್ಕ್ರೂಗಳು ಸಡಿಲವಾಗಿವೆ ಎಂದುಕೊಂಡು ಎಲ್ಲವನ್ನೂ ಬಿಗಿ ಮಾಡಿದ್ದರಂತೆ. ಅವು ಬಿಗಿ ಮಾಡುವುದಕ್ಕೆ ಇರುವವಲ್ಲ, ಆ ನಾನೂರ ಐವತ್ತೈದಕ್ಕೆ ಹೊಂದಿಸುವುದಕ್ಕೆ. ಅಂದಿನಿಂದ ಉಮ್ಮನಿಗೆ ಬೆಳಗಿನ ಸುದ್ದಿ ಇಲ್ಲ, ಬರೀ ಗೊರಗೊರ.

"ಹಿಂದಿನಿಂದ ಮುಂದಕ್ಕೆ ಹೊಂದಿಸಬೇಕು" ಎಂದಿದ್ದೆ ನೀನು.
ಹಳದಿ, ಬಿಳಿ, ಕಪ್ಪು... ಇದರಲ್ಲಿ ಹಿಂದಿನದು ಯಾವುದು?
ಫ್ರೆಂಡ್ಸ್, ಗೊತ್ತಿದ್ದವರು ದಯವಿಟ್ಟು ಕಮೆಂಟ್ ಮಾಡಿ. ಅದನ್ನು ಹೇಗಾದರೂ ಸರಿ ಮಾಡಬೇಕು.

ಆದರೆ ಮಾಡಬಹುದೋ ಬಾರದೋ, ಅದೂ ತಿಳಿಯುತ್ತಿಲ್ಲ...
ಹೊರಡುವಾಗ ನಿನ್ನ ತಾಯಿಯನ್ನು ಕೇಳಿದ್ದೆ, "ಉಮ್ಮ, ರೇಡಿಯೊ ನಾನು ಕೊಂಡುಹೋಗಿ ಸರಿ ಮಾಡಿಸ್ತೇನೆ."

ಅವರು ಮೇಜಿಗೆ ಅಡ್ಡ ನಿಂತರು.
"ಬೇಡ ಮಗಾ, ಮುಟ್ಬೇಡ. ಇವತ್ತು ನಾನೇ ಮಾಡ್ತೇನೆ ಅಂತ ಹೇಳಿದ್ದಾನೆ. ಬರ್ಲಿ ಅವ."

ರೇಡಿಯೊ ಅಲ್ಲೇ ಬಿಟ್ಟು ಬಂದೆ...

ಹೋಗಿ ಬಾ ಗೆಳೆಯಾ.
ಸೃಷ್ಟಿಸಿದವನು ನಿನ್ನ ಜೀವವನ್ನು ತಣ್ಣಗೆ ಇಟ್ಟುಕೊಳ್ಳಲಿ... 🙏